ಆಂಪ್‌ನಲ್ಲಿ ನಾಲ್ಕು ತೂತು, ಯಾವುದಕ್ಕೆ ಗಿಟಾರ್?

ಹಳೇ ಮಾದರಿಯ ವಾಲ್ವ್ ಆಂಪ್ ನೋಡಿದ್ದೀರಾ? ಗಿಟಾರ್ ವೈರ್ ಸಿಕ್ಕಿಸೋಕೆ ಅದರಲ್ಲಿ ನಾಲ್ಕು ತೂತುಗಳಿರುತ್ತವೆ. "ಯಾವುದಾದ್ರೇನು, ಎಲ್ಲಾ ಒಂದೇ ಅಲ್ವಾ?" ಅನ್ನಬೇಡಿ. ದನಿ ಬದಲಾಗುವುದು ಅಲ್ಲಿಂದಲೇ.

ಅಮೆರಿಕದ ಫೆಂಡರ್ ಕಂಪನಿ 1950ರ ದಶಕದ ಕೊನೆಯಲ್ಲಿ ಇಂಥ ನಾಲ್ಕು ತೂತಿನ 'ಬಾಸ್‌ಮನ್' ಆಂಪ್ ಮಾಡಿತು. ಅದನ್ನು ಮಾದರಿಯಾಗಿಟ್ಟುಕೊಂಡು ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ 1960ರ ದಶಕದ ಆರಂಭದಲ್ಲಿ 'ಜೆಟಿಎಂ 45' ತಯಾರಾಯಿತು. ಮೆಲ್ಬರ್ನ್ ಸಿಟಿಯಲ್ಲಿ ಎಸಿಡಿಸಿ ಲೇನ್ ಇದೆಯಲ್ಲ, ಆ ಬ್ಯಾಂಡಿನ ಯಂಗ್ ಸಹೋದರರು ನುಡಿಸಿದ್ದೂ ಮಾರ್ಷಲ್ ಆಂಪ್‌ಗಳಲ್ಲೇ.

ನಾರ್ಮಲ್, ಬ್ರೈಟ್

ಎರಡು ತೂತು 'ನಾರ್ಮಲ್' ಚಾನೆಲ್‌ಗೆ, ಎರಡು 'ಬ್ರೈಟ್' ಚಾನೆಲ್‌ಗೆ. ನಾರ್ಮಲ್‌ನಲ್ಲಿ ದನಿ ದಪ್ಪ, ಮೆತ್ತಗೆ. ಬ್ರೈಟ್ ಚಾನೆಲ್‌ನ ವಾಲ್ಯೂಮ್ ನಾಬ್‌ಗೆ ಒಂದು ಪುಟ್ಟ ಕೆಪಾಸಿಟರ್ ಜೋಡಿಸಿರುತ್ತಾರೆ. ನಾಬ್ ತಡೆದರೂ ತಾರಸ್ಥಾಯಿಯ ಅಂಶ ಅದರ ಮೂಲಕ ಮುಂದೆ ಹೋಗುತ್ತದೆ. ಹಾಗಾಗಿ ವಾಲ್ಯೂಮ್ ಕಡಿಮೆ ಇದ್ದಾಗಲೇ ಹೊಳಪು ಜಾಸ್ತಿ. ನಾಬ್ ಪೂರ್ತಿ ತಿರುಗಿಸಿದರೆ ಕೆಪಾಸಿಟರಿಗೆ ಕೆಲಸವೇ ಇಲ್ಲ!

ಒಂದು, ಎರಡು

ಪ್ರತಿ ಚಾನೆಲ್‌ನಲ್ಲಿ 1 ಮತ್ತು 2 ಅಂತ ಬರೆದಿರುತ್ತದೆ. 1ಕ್ಕೆ ಹಾಕಿದರೆ ಗಿಟಾರಿನ ಪೂರ್ತಿ ಸಿಗ್ನಲ್ ಒಳಗೆ ಹೋಗುತ್ತದೆ. ಬರೀ 2ಕ್ಕೆ ಹಾಕಿದರೆ 68 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳು ಅದನ್ನು ಅರ್ಧ ಮಾಡುತ್ತವೆ, ಅಂದರೆ 6 ಡೆಸಿಬಲ್ ಕಡಿಮೆ. ಪಿಕಪ್ ಮೇಲೆ ಹೊರೆಯೂ ಹೆಚ್ಚುವುದರಿಂದ ಹೊಳಪು ಸ್ವಲ್ಪ ಕುಂದುತ್ತದೆ. ದನಿ ಬೇಗ ಒಡೆಯುವುದಿಲ್ಲ.

ಯಾವಾಗ ಯಾವುದು?

ಕ್ಲೇಟನ್‌ನಲ್ಲಿ ನಮ್ಮ ರಾಜ್ಯೋತ್ಸವಕ್ಕೆ ಪುಟಾಣಿಗಳು ಭಾವಗೀತೆ ಹಾಡುತ್ತಿದ್ದಾರೆ, ನೀವು ಗಿಟಾರ್ ನುಡಿಸುತ್ತಿದ್ದೀರಿ ಅಂದುಕೊಳ್ಳಿ. ಭಾವಗೀತೆಯಲ್ಲಿ ಸಾಹಿತ್ಯವೇ ಜೀವ. ಕೀರಲು ಗಿಟಾರ್ ಮಕ್ಕಳ ಮಾತನ್ನು ನುಂಗಿಬಿಟ್ಟರೆ ಹಾಡು ಹೋದ ಹಾಗೇ. ಅಲ್ಲಿ ನಾರ್ಮಲ್ 2 ಒಳ್ಳೆಯದು. ಒಬ್ಬರೇ ರಾಕ್ ಸೋಲೋ ನುಡಿಸುವಾಗ ಬ್ರೈಟ್ 1 ಹಾಕಿ. ದನಿ ಇಷ್ಟವಾಗಲಿಲ್ಲ ಅಂತ ಅಪ್ಪ-ಅಮ್ಮನ ಹತ್ತಿರ ಹೊಸ ಪೆಡಲ್ ಕೇಳುವ ಮೊದಲು ತೂತು ಬದಲಿಸಿ ನೋಡಿ. ಇದಕ್ಕೆ ಒಂದು ಡಾಲರೂ ಬೇಡ.

ಎಚ್ಚರ: ವೈರ್ ಬದಲಿಸುವಾಗ ವಾಲ್ಯೂಮ್ ಸೊನ್ನೆಗೆ ಇಳಿಸಿ. ಆಂಪ್ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರಬಹುದು.

ನೀವೇ ಮಾಡಿ ನೋಡಿ: ವಾಲ್ಯೂಮ್ 3ರಲ್ಲಿಟ್ಟು ಒಂದೇ ಸ್ವರವನ್ನು ನಾಲ್ಕೂ ತೂತುಗಳಲ್ಲಿ ನುಡಿಸಿ. ದಪ್ಪ, ತೆಳು, ಇಂಪು, ಕೀರಲು, ಒಡಕು: ಯಾವ ದನಿಗೆ ಯಾವ ಪದ ಒಪ್ಪುತ್ತದೆ ಅಂತ ಕನ್ನಡದಲ್ಲೇ ಬರೆದು ತರಗತಿಗೆ ತನ್ನಿ.