ಮೈನಸ್‌ಗೆ ಇಳಿದ ಪಾಸ್‌ಬುಕ್

ನಿಮ್ಮ ಪಾಸ್‌ಬುಕ್ಕಿನ ನಕಲು ನೋಡಿದೆ, ಅಮ್ಮಾ. ಕನಿಷ್ಠ ಬ್ಯಾಲೆನ್ಸ್ ಇಲ್ಲವೆಂದು ದಂಡ ಹಾಕಿ ಹಾಕಿ ಉಳಿತಾಯ ಖಾತೆಯನ್ನೇ ಮೈನಸ್‌ಗೆ ಇಳಿಸಿದ್ದಾರೆ. ಇದು ಸಲ್ಲದು. 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಬರೀ ಈ ದಂಡದಿಂದ ಖಾತೆ ಸೊನ್ನೆಗಿಂತ ಕೆಳಗಿಳಿಯಕೂಡದು. ಹಣ ಕಮ್ಮಿಯಾದಾಗ ಮೊದಲು ತಿಳಿಸಬೇಕು, ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡವೂ ಕೊರತೆಗೆ ತಕ್ಕಷ್ಟೇ ಇರಬೇಕು. ಕೌಂಟರಿನಲ್ಲಿ ‘ಸಿಸ್ಟಮ್ಮೇ ಕಟ್ ಮಾಡಿದ್ದು’ ಅಂದರೆ ಸುಮ್ಮನೆ ವಾಪಸು ಬರಬೇಡಿ. ಕಡಿತದ ದಿನಾಂಕ, ಮೊತ್ತ ನಮೂದಿಸಿ ಮ್ಯಾನೇಜರಿಗೆ ಅರ್ಜಿ ಕೊಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಜನ ಮರೆಯುವುದು ಇದನ್ನೇ. 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ. ಹಾಗೆಯೇ, ಕನಿಷ್ಠ ಬ್ಯಾಲೆನ್ಸಿನ ಕಾಟವೇ ಇಲ್ಲದ ಮೂಲ ಉಳಿತಾಯ ಖಾತೆಗೆ ಬದಲಾಯಿಸಿಕೊಡಿ ಎಂದೂ ಕೇಳಿಬಿಡಿ.