ಬಾಣಂತಿ ಕೋಣೆಯ ಬ್ರಾಂದಿ

1. ‘ಕುಡೀತೀಯಾ?’ ಅಂತ ಕೇಳಬೇಡಿ. ಅತ್ತೆ ಪಕ್ಕದಲ್ಲಿ ಕೂತಿರುವಾಗ ಯಾವ ಬಸುರಿಯೂ ಹೌದು ಅನ್ನುವುದಿಲ್ಲ. ತಾಯಿ ಕಾರ್ಡ್ ತುಂಬುವ ಮೊದಲು ಬಿಪಿ ನೋಡುವ ನೆಪದಲ್ಲಿ ಅತ್ತೆಯನ್ನು ಆಚೆ ಕೋಣೆಗೆ ಕಳಿಸುತ್ತೇನೆ. ಆಮೇಲೆ, ‘ಬಟವಾಡೆ ದಿನ ಯಜಮಾನ್ರು ತಂದಾಗ ನೀನೂ ಒಂದು ಗುಟುಕು ತಗೊಳ್ತೀಯೇನಮ್ಮ?’ ಅಂದರೆ, ಕಾಫಿ ತೋಟದ ಲೈನ್ ಮನೆಯವಳು ‘ಮೈಕೈ ನೋವಿಗೆ ಸ್ವಲ್ಪ, ಸಿಸ್ಟರ್’ ಅನ್ನುತ್ತಾಳೆ. ಬೆಂಗಳೂರಿಂದ ತವರಿಗೆ ಬಂದವಳು ‘ವೈನ್ ಅಷ್ಟೇ’ ಅನ್ನುತ್ತಾಳೆ. ಮಗುವಿಗೆ ಎರಡೂ ಒಂದೇ.

2. ಬಸುರಿಗೆ ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆ ಇಲ್ಲ. ತಾಯಿಯ ರಕ್ತಕ್ಕೆ ಸೇರಿದ್ದು ಮಾಸು ದಾಟಿ ಮಗುವಿಗೂ ಹೋಗುತ್ತದೆ. ಅದರ ಲಿವರ್ ಇನ್ನೂ ಎಳೆಯದು. ಹೊರಹಾಕಿದ್ದು ಗರ್ಭದ ನೀರಿಗೇ ಬೀಳುತ್ತದೆ, ಮಗು ಅದನ್ನೇ ಮತ್ತೆ ನುಂಗುತ್ತದೆ. 1973ರಲ್ಲಿ ಸಿಯಾಟಲ್‌ನ ವೈದ್ಯರಾದ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಇದರಿಂದ ಮಗುವಿಗಾಗುವ ಹಾನಿಗೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು: ಕಿರಿದಾದ ಕಣ್ಣು, ತೆಳುವಾದ ಮೇಲ್ದುಟಿ, ಮೂಗಿನ ಕೆಳಗಿನ ತಗ್ಗೇ ಇಲ್ಲದ ಮುಖ. ಆದರೆ ಎಷ್ಟೋ ಮಕ್ಕಳ ಮುಖದಲ್ಲಿ ಏನೂ ಕಾಣುವುದಿಲ್ಲ. ಶಾಲೆಗೆ ಹೋದ ಮೇಲೆ ಲೆಕ್ಕ ಹತ್ತುವುದಿಲ್ಲ, ಹೇಳಿದ್ದು ನಿಲ್ಲುವುದಿಲ್ಲ. ಮೇಷ್ಟ್ರು ‘ದಡ್ಡ’ ಅಂದುಬಿಡುತ್ತಾರೆ.

3. ಬಸುರಿ ಅಂತ ಗೊತ್ತಾಗುವ ಮೊದಲು ಕುಡಿದಿದ್ದವಳನ್ನು ಹೆದರಿಸಬೇಡಿ. ಇವತ್ತು ಬಿಟ್ಟರೂ ಲಾಭವೇ. ದಿನಾ ಕುಡಿಯುವವಳ ವಿಷಯ ಬೇರೆ: ಮನೆಯಲ್ಲೇ ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು. ಅವಳನ್ನು ಆಸ್ಪತ್ರೆಗೇ ಕಳಿಸಬೇಕು.

4. ನಿಜವಾದ ಕಷ್ಟ ಬಾಣಂತನದಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ‘ಥಂಡಿ ಆಗಬಾರದು’ ಅಂತ ಬಾಣಂತಿಗೆ ಬ್ರಾಂದಿ ಕೊಡುತ್ತಾರೆ. ಅವರ ಲೆಕ್ಕದಲ್ಲಿ ಅದು ಔಷಧಿ, ಕುಡಿತವಲ್ಲ! ಕುಡಿದಾಗ ಮೈ ಬಿಸಿಯೆನಿಸುವುದು ಚರ್ಮದ ರಕ್ತನಾಳ ಹಿಗ್ಗುವುದರಿಂದ. ಆಗ ಒಳಗಿನ ಶಾಖ ಹೊರಗೇ ಹೋಗುತ್ತದೆ. ಹಾಲು ಹೆಚ್ಚುತ್ತದೆ ಎನ್ನುವುದೂ ಸುಳ್ಳು. ಹಾಲು ಇಳಿಸುವ ಆಕ್ಸಿಟೋಸಿನ್ ಅನ್ನು ಆಲ್ಕೋಹಾಲ್ ತಡೆಯುತ್ತದೆ. ಬಾಣಂತಿಗೆ ಕುಡಿಸುವ ದಶಮೂಲಾರಿಷ್ಟದ ಲೇಬಲ್ ಓದಿಸಿ ನೋಡಿ, ಹುದುಗಿ ತಾನೇ ಹುಟ್ಟಿದ ಆಲ್ಕೋಹಾಲ್ ಅದರಲ್ಲೂ ಇರುತ್ತದೆ. ಡೋಸು ಸಣ್ಣದು, ನಿಜ. ಡಾಕ್ಟರಿಗೆ ಹೇಳಿಯೇ ಕುಡಿಸಿ. ಬ್ರಾಂದಿ ಕೊಡುವ ಅಜ್ಜಿಯ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ. ‘ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿನೀರು ಎಲ್ಲಾ ನಿಮ್ದೇ ನಡೀಲಿ ಅಜ್ಜಿ, ಬಾಟಲಿ ಒಂದು ಬೇಡ’ ಅನ್ನುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

5. ಕುಡಿದದ್ದು ಅರ್ಧ–ಒಂದು ಗಂಟೆಯಲ್ಲಿ ಎದೆಹಾಲಿನಲ್ಲಿ ಏರುತ್ತದೆ. ಒಂದು ಸಣ್ಣ ಪೆಗ್ ಇಳಿಯಲು ಎರಡು–ಮೂರು ಗಂಟೆ ಬೇಕು. ಹಿಂಡಿ ಚೆಲ್ಲಿದರೆ ಬೇಗ ಹೋಗುವುದಿಲ್ಲ. ಹಾಗಂತ ಹಾಲನ್ನೇ ಬಿಡಿಸಬೇಡಿ, ಕಾದು ಕುಡಿಸಲಿ. ಕುಡಿದವರು ಕೂಸಿನ ಪಕ್ಕ ಮಲಗುವುದಂತೂ ಕೂಡದು, ಗಂಡನಾದರೂ ಸರಿ. ಇದನ್ನು ಗಂಡನಿಗೆ ನಾನೇ ಹೇಳುತ್ತೇನೆ. ಹೆಂಡತಿಯಿಂದ ಹೇಳಿಸಿದರೆ ರಾತ್ರಿ ಜಗಳ ಗ್ಯಾರಂಟಿ.