ಸಂಗೀತದ ಡಾಕ್ಟರೇಟಿಗೆ ಸೈಟು ಅಡ ಇಡಬೇಕೆ?

ಸಂಗೀತ ಸಂಯೋಜನೆಯಲ್ಲಿ ಡಾಕ್ಟರೇಟ್ ಮಾಡಲು ದಯವಿಟ್ಟು ಸಾಲ ಮಾಡಬೇಡಿ. ಎಂಎಸ್ ಓದಲು ಅಮೆರಿಕಕ್ಕೆ ಹೋಗುವ ಎಂಜಿನಿಯರುಗಳ ಲೆಕ್ಕವೇ ಬೇರೆ. ಓದು ಮುಗಿದ ಮೇಲೆ ಸಂಬಳ ಬರುತ್ತದೆ, ಇಎಂಐ ಕಟ್ಟುತ್ತಾರೆ. ಸಂಯೋಜಕರಾದ ನಮಗೆ ಐದಾರು ವರ್ಷದ ನಂತರ ಸಿಕ್ಕರೆ ಸಿಗುವುದು ಕಾಲೇಜಿನಲ್ಲೊಂದು ಪಾಠದ ಕೆಲಸ. ಅದಕ್ಕೂ ವಿಪರೀತ ಪೈಪೋಟಿ.

ನಾನು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತೇನೆ ಎಂದಾಗ ಅಪ್ಪ ಬೀರುವಿನಿಂದ ಸೈಟಿನ ಪತ್ರ ತೆಗೆದಿಟ್ಟಿದ್ದರು. "ಅವರೇ ದುಡ್ಡು ಕೊಟ್ಟರೆ ಹೋಗ್ತೀನಪ್ಪ, ಇಲ್ಲಾಂದ್ರೆ ಇಲ್ಲ" ಅಂದೆ. "ಓದೋಕೆ ಅವರ್ಯಾಕೋ ದುಡ್ಡು ಕೊಡ್ತಾರೆ?" ಅಂದರು. ಕೊಡುತ್ತಾರೆ. ಪ್ರಿನ್ಸ್‌ಟನ್, ಹಾರ್ವರ್ಡ್‌ಗಳ ಪಿಎಚ್‌ಡಿ, ಕಾರ್ನೆಲ್, ಸ್ಟ್ಯಾನ್‌ಫರ್ಡ್‌ಗಳ ಡಿಎಂಎ (ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್) ಇಂಥವು. ವರ್ಷಕ್ಕೆ ಬೆರಳೆಣಿಕೆಯ ಜನರನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಸೇರಿದವರಿಗೆ ಬೋಧನಾ ಶುಲ್ಕವಿಲ್ಲ, ಮೇಲೆ ಸ್ಟೈಪೆಂಡ್. ಅರ್ಜಿ ಹಾಕುವ ಕಡೆಗಳ ನನ್ನ ಪಟ್ಟಿ ಶುರುವಾದದ್ದು ವಿಶ್ವವಿದ್ಯಾಲಯದ ಹೆಸರಿನಿಂದಲ್ಲ, ಈ ಹಣದ ನೆರವಿನಿಂದ.

ಅರ್ಜಿ ಶುಲ್ಕ ಸಾಮಾನ್ಯವಾಗಿ 75ರಿಂದ 125 ಡಾಲರ್. ನಿಜವಾದ ಖರ್ಚು ರೆಕಾರ್ಡಿಂಗಿನದು. ಮೂರು ನಾಲ್ಕು ಕೃತಿಗಳ ಸ್ವರಲಿಪಿ, ಜೊತೆಗೆ ಅವುಗಳ ಧ್ವನಿಮುದ್ರಣ ಕೇಳುತ್ತಾರೆ. ಕಂಪ್ಯೂಟರ್ ನುಡಿಸಿದ್ದನ್ನೇ ಕಳಿಸಬಹುದು, ಆದರೆ ಕಮಾನು ತಂತಿಯನ್ನು ಉಜ್ಜುವ ಸದ್ದು ಅದರಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲಿ ಸಿನಿಮಾ ಸೆಷನ್‌ಗೆ ನುಡಿಸುವ ಒಳ್ಳೆಯ ಪಿಟೀಲು, ಚೆಲ್ಲೊ ವಾದಕರಿದ್ದಾರೆ. ಕಾಲ್‌ಶೀಟ್ ಲೆಕ್ಕದಲ್ಲಿ ಬರುತ್ತಾರೆ, ನೋಡುತ್ತಲೇ ನುಡಿಸಿ ಹೊರಡುತ್ತಾರೆ. ನನ್ನ ಕೃತಿಗೆ ಅಭ್ಯಾಸ ಬೇಕಿತ್ತು. ಅಭ್ಯಾಸದ ಹೊತ್ತಿಗೂ ದುಡ್ಡು ಕೊಡಬೇಕು, ಕೊಡಲೇಬೇಕು. ಪಟ್ಟಿಯಿಂದ ಕೆಲವು ವಿಶ್ವವಿದ್ಯಾಲಯಗಳನ್ನು ಹೊಡೆದುಹಾಕಿ, ಉಳಿದ ಶುಲ್ಕವನ್ನು ರಿಹರ್ಸಲ್‌ಗೆ ಹಾಕಿದೆ. ದೊಡ್ಡ ಆರ್ಕೆಸ್ಟ್ರಾ ಕೃತಿಯೊಂದನ್ನು ಬದಿಗಿಟ್ಟು, ಇಬ್ಬರೇ ನುಡಿಸುವ ಯುಗಳವನ್ನು ಮುಂದಿಟ್ಟೆ. ಜೇಬಿಗೂ ಹಗುರ, ಕಿವಿಗೂ ಮೇಲು.

ಪ್ರವೇಶ ಪತ್ರ ಬಂದ ಮೇಲೆ ಮೊದಲು ಓದಬೇಕಾದದ್ದು ಅಭಿನಂದನೆಯ ಸಾಲಲ್ಲ, ಹಣದ ಸಾಲು. ಒಂದು ಕಡೆ, ಮೊದಲ ವರ್ಷ ನಿಮ್ಮದೇ ಖರ್ಚು, ಆಮೇಲೆ ನೋಡೋಣ ಎಂದರು; ನಮಸ್ಕಾರ ಹೇಳಿದೆ. ಇನ್ನೊಂದು ಕಡೆ ಸ್ಟೈಪೆಂಡ್ ಇತ್ತು, ಆದರೆ ಒಂಬತ್ತು ತಿಂಗಳಿಗೆ. ಬೇಸಿಗೆಯಲ್ಲಿ ಬಾಡಿಗೆ ನಿಲ್ಲುತ್ತದೆಯೇ? ಆರೋಗ್ಯ ವಿಮೆ ಯಾರದು, ಮನ್ನಾ ಆಗದ ವಿದ್ಯಾರ್ಥಿ ಶುಲ್ಕ ಎಷ್ಟು ಎಂದು ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದೆ. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳ ನಡುವೆ ಒಂದು ಒಪ್ಪಂದವಿದೆ: ಹಣಕಾಸು ನೆರವಿನ ಕೊಡುಗೆಗೆ ಏಪ್ರಿಲ್ 15ಕ್ಕೆ ಮುಂಚೆಯೇ ಉತ್ತರ ಕೊಡಬೇಕೆಂದು ಒತ್ತಾಯಿಸುವಂತಿಲ್ಲ. ಆ ಬಿಡುವಿನಲ್ಲೇ ಬೇಸಿಗೆಯ ಮಾತೆತ್ತಿದೆ, ಒಂದಿಷ್ಟು ಸೇರಿಸಿಕೊಟ್ಟರು. ಕೇಳಲು ನಮ್ಮವರಿಗೆ ಸಂಕೋಚ. ಅಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಸ್ಟೈಪೆಂಡಿಗೆ ತೆರಿಗೆ ಉಂಟು. ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಭಾರತದ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಹೆಚ್ಚಿನ ದೇಶಗಳ ವಿದ್ಯಾರ್ಥಿಗಳಿಗೆ ಈ ಸೌಲಭ್ಯವಿಲ್ಲ.

ಇಷ್ಟಾದರೂ ಕೈಯಲ್ಲಿ ನಗದು ಬೇಕು. ವೀಸಾಗೆ ಮುಂಚೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲಾತಿ ವ್ಯವಸ್ಥೆ) ಶುಲ್ಕ 350 ಡಾಲರ್, ಆಮೇಲೆ ವೀಸಾ ಶುಲ್ಕ, ವಿಮಾನದ ಟಿಕೆಟ್. ಆಗಸ್ಟ್‌ನಲ್ಲಿ ಇಳಿದ ನನಗೆ ಮೊದಲ ಸ್ಟೈಪೆಂಡ್ ಬಂದದ್ದು ಸೆಪ್ಟೆಂಬರ್ ಕೊನೆಗೆ. ಮನೆಯ ಅಡ್ವಾನ್ಸು, ಎರಡು ತಿಂಗಳ ಬಾಡಿಗೆ ಅಷ್ಟರಲ್ಲೇ ಕಟ್ಟಿಯಾಗಿತ್ತು. ಆ ಮೊತ್ತವನ್ನು ಅರ್ಜಿ ಹಾಕುವ ವರ್ಷದಿಂದಲೇ ಆರ್‌ಡಿಯಲ್ಲಿ ಕೂಡಿಡಿ.